ಸ್ಪ್ರೆಡ್‌ಶೀಟ್ ತಿದ್ದುವ ಸ್ಕ್ರಿಪ್ಟ್‌ಗಳು: ಒಂದು ವಿಮರ್ಶೆ

ಒಬ್ಬ ವಿದ್ಯಾರ್ಥಿನಿಗೆ ಎರಡು ಕಿರುಪರೀಕ್ಷೆಗಳಲ್ಲಿ 33 ಮತ್ತು 36 ಅಂಕಗಳು ಬಂದಿವೆ ಎಂದುಕೊಳ್ಳಿ. ಸರಾಸರಿ 34.5. ಅರ್ಧ ಅಂಕ ಬಂದರೆ ಮೇಲಿನ ಪೂರ್ಣಾಂಕಕ್ಕೆ ಏರಿಸಬೇಕೆಂಬುದು ಕಾಲೇಜಿನ ನಿಯಮ. ಹಾಗಾಗಿ ಆಕೆಗೆ 35. ಕನಿಷ್ಠ ಅಂಕವೂ 35 ಆದ್ದರಿಂದ ಆಕೆ ಅಂತಿಮ ಪರೀಕ್ಷೆಗೆ ಕೂರಲು ಅರ್ಹಳು. ಇದರಲ್ಲಿ ಚರ್ಚೆಗೆ ಏನಿದೆ ಎಂದು ನೀವು ಕೇಳಬಹುದು.

ನಾನು ಹಿಂದೆ ಪಾಠ ಮಾಡುತ್ತಿದ್ದ ಒಂದು ಕಾಲೇಜಿನಲ್ಲಿ ಹಲವು ವರ್ಷಗಳ ಕಾಲ ಈ ಲೆಕ್ಕ ಎಕ್ಸೆಲ್ ಹಾಳೆಯಲ್ಲಿ, ಕೋಶದೊಳಗೆ ಬರೆದ ಸೂತ್ರದಿಂದಲೇ ನಡೆಯುತ್ತಿತ್ತು. ಪ್ರತಿ ಸೆಮಿಸ್ಟರ್‌ನಲ್ಲೂ ಹತ್ತಾರು ಹಾಳೆಗಳನ್ನು ಕೈಯಿಂದ ಜೋಡಿಸಿ, ಸೂತ್ರವನ್ನು ಕೆಳಗೆ ಎಳೆದು, ಬಣ್ಣ ಹಚ್ಚಿ, ಮುದ್ರಿಸುವುದರಲ್ಲಿ ಎರಡು ದಿನ ಹೋಗುತ್ತಿದ್ದವು. ಒಂದು ಬೇಸಿಗೆ ರಜೆಯಲ್ಲಿ ಕುಳಿತು ಇದನ್ನೆಲ್ಲ ಒಂದೇ ಗುಂಡಿ ಒತ್ತಿ ಮುಗಿಸುವ ಮ್ಯಾಕ್ರೊ ಬರೆದೆ. ಅರ್ಧ ನಿಮಿಷದಲ್ಲಿ ಪಟ್ಟಿ ಸಿದ್ಧ. ಸಹೋದ್ಯೋಗಿಗಳು ಮೆಚ್ಚಿದರು, ನಾನೂ ಬೀಗಿದೆ. ಪಟ್ಟಿ ಪ್ರಕಟವಾದ ಮರುದಿನ ಆ ವಿದ್ಯಾರ್ಥಿನಿ ಕೊಠಡಿಯ ಬಾಗಿಲಲ್ಲಿ ನಿಂತಿದ್ದಳು. “ಸರ್, ನನ್ನ ಗೆಳತಿಯ 35.5 ಈಗ 36 ಆಗಿದೆ. ನನ್ನ 34.5 ಮಾತ್ರ 34 ಆಗಿದೆ, ಯಾಕೆ?” ಕಂಪ್ಯೂಟರ್ ಮಾಡಿದ ಲೆಕ್ಕ, ತಪ್ಪಿರಲಾರದು ಎಂದು ಹೇಳಿ ಕಳುಹಿಸಿದೆ. ಇಪ್ಪತ್ತೈದು ವರ್ಷ ಪ್ರಯೋಗಾಲಯದಲ್ಲಿ “ಉಪಕರಣವನ್ನು ನಂಬಬೇಡಿ, ಪರೀಕ್ಷಿಸಿ” ಎಂದು ಹೇಳಿಕೊಡುತ್ತ ಬಂದವನ ಉತ್ತರ ಇದು. ಸಂಜೆ ಮನೆಯಲ್ಲಿ ಪಟ್ಟಿಯನ್ನು ಮತ್ತೆ ತೆರೆದಾಗ ತಪ್ಪು ಗೊತ್ತಾಯಿತು. ಅರ್ಧ ಅಂಕದಲ್ಲಿ ನಿಂತಿದ್ದವರಲ್ಲಿ ಕೆಲವರು ಏರಿದ್ದರು, ಕೆಲವರು ಇಳಿದಿದ್ದರು.

ಕಾರಣ ಸರಳ. ಎಕ್ಸೆಲ್ ಹಾಳೆಯ ಕೋಶದಲ್ಲಿ ಬರೆಯುವ ರೌಂಡ್ ಫಲನಕ್ಕೂ ಅದೇ ಎಕ್ಸೆಲ್‌ನ ಮ್ಯಾಕ್ರೊ ಭಾಷೆಯಾದ ವಿಬಿಎಯ ರೌಂಡ್ ಫಲನಕ್ಕೂ ಹೆಸರು ಒಂದೇ ಆದರೂ ನಡತೆ ಬೇರೆ. ಹಾಳೆಯ ಫಲನ ಅರ್ಧವನ್ನು ಯಾವಾಗಲೂ ಸೊನ್ನೆಯಿಂದ ದೂರಕ್ಕೆ ತಳ್ಳುತ್ತದೆ: 34.5 ಇದ್ದರೆ 35, 35.5 ಇದ್ದರೆ 36. ವಿಬಿಎ ಫಲನ ಅರ್ಧವನ್ನು ಹತ್ತಿರದ ಸಮಸಂಖ್ಯೆಗೆ ಒಯ್ಯುತ್ತದೆ: 33.5 ಮತ್ತು 34.5 ಎರಡೂ 34 ಆಗುತ್ತವೆ, 35.5 ಮತ್ತು 36.5 ಎರಡೂ 36. ಪೈಥಾನ್ ಭಾಷೆಯ ರೌಂಡ್ ಕೂಡ ಈ ಎರಡನೆಯ ಪಂಗಡಕ್ಕೆ ಸೇರಿದ್ದು. ಗೂಗಲ್ ಶೀಟ್ಸ್‌ನ ಆ್ಯಪ್ಸ್ ಸ್ಕ್ರಿಪ್ಟ್ ಆಧಾರವಾಗಿಟ್ಟುಕೊಂಡಿರುವ ಜಾವಾಸ್ಕ್ರಿಪ್ಟ್‌ನ ರೌಂಡ್ ಮೂರನೆಯ ಬಗೆ. ಅದು ಅರ್ಧವನ್ನು ಯಾವಾಗಲೂ ಧನ ದಿಕ್ಕಿಗೆ ಸರಿಸುತ್ತದೆ, ಋಣಸಂಖ್ಯೆ -2.5 ಅದರ ಕೈಯಲ್ಲಿ -2 ಆಗುತ್ತದೆ. ಒಂದೇ ಅಂಕಪಟ್ಟಿಯನ್ನು ನಾಲ್ಕು ದಾರಿಗಳಲ್ಲಿ ನಡೆಸಿದರೆ ಇಬ್ಬರು ವಿದ್ಯಾರ್ಥಿನಿಯರು ನಾಲ್ಕು ಕಡೆಯೂ ಒಂದೇ ಫಲಿತಾಂಶ ಪಡೆಯುತ್ತಾರೆಂಬ ಖಾತರಿ ಇಲ್ಲ.

ಸಮಸಂಖ್ಯೆಗೆ ಒಯ್ಯುವ ನಿಯಮ ತಪ್ಪೆಂದು ದಯವಿಟ್ಟು ತಿಳಿಯಬೇಡಿ. ಎನ್‌ಸಿಇಆರ್‌ಟಿಯ ಹನ್ನೊಂದನೆಯ ತರಗತಿಯ ಭೌತಶಾಸ್ತ್ರ ಪುಸ್ತಕದಲ್ಲಿ ಸಾರ್ಥಕ ಅಂಕಿಗಳ ಪಾಠ ನೆನಪಿದೆಯೇ? ಬಿಡಬೇಕಾದ ಅಂಕಿ 5 ಆಗಿದ್ದು ಹಿಂದಿನದು ಸಮವಾಗಿದ್ದರೆ ಹಾಗೆಯೇ ಉಳಿಸಿ, ಬೆಸವಾಗಿದ್ದರೆ ಒಂದು ಕೂಡಿಸಿ ಎಂದು ನಾವೇ ಕಲಿಸುತ್ತೇವೆ. ಸಾವಿರಾರು ಮಾಪನಗಳನ್ನು ಪೂರ್ಣಾಂಕಕ್ಕೆ ತರುವಾಗ ಎಲ್ಲ ಅರ್ಧಗಳನ್ನೂ ಮೇಲಕ್ಕೇ ತಳ್ಳಿದರೆ ಸರಾಸರಿ ಮೇಲಕ್ಕೆ ವಾಲುತ್ತದೆ. ಸಮಸಂಖ್ಯೆಯ ನಿಯಮ ಆ ವಾಲುವಿಕೆಯನ್ನು ತಪ್ಪಿಸುತ್ತದೆ. ಮಾಪನಕ್ಕೆ ಅದು ನ್ಯಾಯ. ಆದರೆ ಅಂಕಪಟ್ಟಿ ಮಾಪನಗಳ ಸಮೂಹವಲ್ಲ. ಅಲ್ಲಿ ಪ್ರತಿ ಸಾಲೂ ಒಬ್ಬ ವ್ಯಕ್ತಿ. ನಾನು ನಿಯಮ ಆರಿಸಿರಲಿಲ್ಲ. ಭಾಷೆ ನನ್ನ ಪರವಾಗಿ ಆರಿಸಿತ್ತು, ನಾನು ಕೇಳಿಯೂ ಇರಲಿಲ್ಲ. ಇನ್ನೊಂದು ಮಾತು: ಇದು ದ್ವಿಮಾನ ಪದ್ಧತಿಯ ದಶಮಾಂಶ ದೋಷವಲ್ಲ. 34.5 ದ್ವಿಮಾನದಲ್ಲಿ ಕರಾರುವಾಕ್ಕಾಗಿ ಕೂರುತ್ತದೆ. ಪೈಥಾನ್‌ನಲ್ಲಿ 2.675ನ್ನು ಎರಡು ದಶಮಾಂಶ ಸ್ಥಾನಗಳಿಗೆ ತಂದಾಗ 2.67 ಬರುವುದು ಬೇರೆ ರೋಗ. ಅಲ್ಲಿ 2.675 ಎಂಬ ಸಂಖ್ಯೆಯೇ ಗಣಕದೊಳಗೆ ಸ್ವಲ್ಪ ಕಡಿಮೆಯಾಗಿ ಕುಳಿತಿರುತ್ತದೆ. ಈ ಎರಡನ್ನೂ ಬೆರೆಸಿ “ಕಂಪ್ಯೂಟರ್‌ನಲ್ಲಿ ಹಾಗೆಲ್ಲ ಆಗುತ್ತದೆ” ಎನ್ನುವುದು ಶಿಕ್ಷಕರಿಗೆ ಶೋಭಿಸದು.

ಸ್ಪ್ರೆಡ್‌ಶೀಟ್ ಮತ್ತು ಅದನ್ನು ತಿದ್ದುವ ಸ್ಕ್ರಿಪ್ಟ್‌ಗಳ ಬಗ್ಗೆ ನನ್ನ ವಿಮರ್ಶೆಯ ಹಿನ್ನೆಲೆ ಇದು. ದೂರುವ ಮೊದಲು ಋಣವನ್ನು ಒಪ್ಪಿಕೊಳ್ಳಬೇಕು. 1979ರಲ್ಲಿ ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಆ್ಯಪಲ್-2 ಗಣಕಕ್ಕಾಗಿ ವಿಸಿಕ್ಯಾಲ್ಕ್ ತಂದಾಗ, ಒಂದು ಅಂಕಿ ಬದಲಾದರೆ ಅದನ್ನು ಅವಲಂಬಿಸಿದ ಎಲ್ಲ ಅಂಕಿಗಳೂ ಕಣ್ಣೆದುರೇ ಬದಲಾಗುವುದನ್ನು ಜನ ಮೊದಲ ಬಾರಿ ಮೇಜಿನ ಮೇಲೆ ಕಂಡರು. 1983ರ ಲೋಟಸ್ 1-2-3ರಲ್ಲಿ ಮ್ಯಾಕ್ರೊಗಳು ಬಂದವು. 1985ರಲ್ಲಿ ಮೆಕಿಂತಾಷ್ ಗಣಕಕ್ಕೆ ಬಂದ ಎಕ್ಸೆಲ್, 1993ರ ಐದನೆಯ ಆವೃತ್ತಿಯಲ್ಲಿ ವಿಬಿಎ ಎಂಬ ಪೂರ್ಣಪ್ರಮಾಣದ ಭಾಷೆಯನ್ನು ಹೊಟ್ಟೆಯೊಳಗೆ ಇಟ್ಟುಕೊಂಡಿತು. 2009ರಿಂದ ಗೂಗಲ್‌ನ ಆ್ಯಪ್ಸ್ ಸ್ಕ್ರಿಪ್ಟ್ ಇದೆ. ಹೊರಗಿನಿಂದ ಕಡತ ತಿದ್ದಲು ಓಪನ್‌ಪೈಎಕ್ಸ್‌ಎಲ್, ಪಾಂಡಾಸ್‌ನಂಥ ಪೈಥಾನ್ ಕೋಶಗಳಿವೆ. ಕೆಲಸದ ಪುನರಾವರ್ತನೆಯಿಂದ ಬರುವ ಮನುಷ್ಯ ತಪ್ಪುಗಳನ್ನು ಇವು ನಿಜವಾಗಿಯೂ ಕಡಿಮೆ ಮಾಡಿವೆ. ನನ್ನ ಮ್ಯಾಕ್ರೊ ಕೂಡ ಅಂಕಿ ತಪ್ಪಾಗಿ ನಕಲಾಗುವುದನ್ನು ನಿಲ್ಲಿಸಿತ್ತು. ಹಾಗಾಗಿ ಸ್ಕ್ರಿಪ್ಟ್ ಬೇಡ ಎಂಬುದು ನನ್ನ ವಾದವಲ್ಲ. ನಾವು ಅದನ್ನು ಕಲಿಸುವ ಮತ್ತು ಬಳಸುವ ಕ್ರಮದ ಬಗ್ಗೆ ನನ್ನ ತಕರಾರು.

ರೆಕಾರ್ಡರ್ ಎಂಬ ಗುರು

ಬಹುತೇಕ ಕಾರ್ಯಾಗಾರಗಳಲ್ಲಿ ಮೊದಲ ಪಾಠ ಮ್ಯಾಕ್ರೊ ರೆಕಾರ್ಡರ್. ಗುಂಡಿ ಒತ್ತಿ, ಕೆಲಸ ಮಾಡಿ ತೋರಿಸಿ, ನಿಲ್ಲಿಸಿ. ಗಣಕವೇ ಕ್ರಮವಿಧಿ ಬರೆದುಕೊಡುತ್ತದೆ. ಕಲಿಯುವವರ ಅಂಜಿಕೆ ಬಿಡಿಸಲು ಇದು ಒಳ್ಳೆಯದೇ. ಆದರೆ ರೆಕಾರ್ಡರ್ ಬರೆದುಕೊಳ್ಳುವುದು ನಿಮ್ಮ ಬೆರಳು ಎಲ್ಲಿಗೆ ಹೋಯಿತು ಎಂಬುದನ್ನು, ಏಕೆ ಹೋಯಿತು ಎಂಬುದನ್ನಲ್ಲ. ನೀವು ಸಿ2ರಿಂದ ಸಿ61ರವರೆಗೆ ಆಯ್ದಿರಿ; ಅದು “ಸಿ2ರಿಂದ ಸಿ61” ಎಂದೇ ಬರೆದಿಟ್ಟಿತು. ನಿಮ್ಮ ಮನಸ್ಸಿನಲ್ಲಿ ಇದ್ದದ್ದು “ತರಗತಿಯ ಎಲ್ಲ ವಿದ್ಯಾರ್ಥಿಗಳು” ಎಂದು. ಮುಂದಿನ ವರ್ಷ ಅರವತ್ತೆರಡು ಜನ ಸೇರಿದರೆ ಕೊನೆಯ ಇಬ್ಬರು ಲೆಕ್ಕಕ್ಕೆ ಸಿಗುವುದಿಲ್ಲ, ಮ್ಯಾಕ್ರೊ ಒಂದು ಮಾತೂ ಆಡದೆ ಮುಗಿಯುತ್ತದೆ. ಯಾರಾದರೂ ನಡುವೆ ಒಂದು ಕಾಲಂ ಸೇರಿಸಿದರೆ ಹಾಳೆಯ ಸೂತ್ರಗಳು ತಮ್ಮ ವಿಳಾಸವನ್ನು ತಾವೇ ತಿದ್ದಿಕೊಳ್ಳುತ್ತವೆ, ಮ್ಯಾಕ್ರೊ ತಿದ್ದಿಕೊಳ್ಳುವುದಿಲ್ಲ. ಅದು ಹಳೆಯ ವಿಳಾಸಕ್ಕೇ ಹೋಗಿ, ಅಲ್ಲಿ ಈಗ ಇರುವವರ ಮೇಲೆ ಬರೆಯುತ್ತದೆ.

ಇದಕ್ಕಿಂತ ಅಪಾಯಕಾರಿಯಾದ ಒಂದು ಸಾಲು ವಿಬಿಎಯಲ್ಲಿದೆ. “ಆನ್ ಎರರ್ ರೆಸ್ಯೂಮ್ ನೆಕ್ಸ್ಟ್”, ಅಂದರೆ ದೋಷ ಬಂದರೆ ಸುಮ್ಮನೆ ಮುಂದಿನ ಸಾಲಿಗೆ ಹೋಗು. ಮ್ಯಾಕ್ರೊ ಮಧ್ಯದಲ್ಲಿ ನಿಂತು ಬೈಯುವುದನ್ನು ತಪ್ಪಿಸಲು ಎಷ್ಟೋ ಜನ ಇದನ್ನು ಮೊದಲ ಸಾಲಾಗಿಯೇ ಹಾಕುತ್ತಾರೆ. ಪರಿಣಾಮವನ್ನು ಒಂದು ಉದಾಹರಣೆಯಿಂದ ನೋಡಿ. ಒಂದು ಚಲಕಕ್ಕೆ ಪ್ರತಿ ಸಾಲಿನ ಅಂಕವನ್ನು ಸಂಖ್ಯೆಯಾಗಿ ಓದಿಕೊಂಡು ಪಕ್ಕದ ಕಾಲಂನಲ್ಲಿ ಬರೆಯುತ್ತಿದ್ದೀರಿ. ಏಳನೆಯ ವಿದ್ಯಾರ್ಥಿ ಗೈರುಹಾಜರು, ಕೋಶದಲ್ಲಿ “ಗೈರು” ಎಂದು ಬರೆದಿದೆ. ಪದವನ್ನು ಸಂಖ್ಯೆಯಾಗಿ ಓದಲಾಗದೆ ದೋಷ ಹುಟ್ಟುತ್ತದೆ; ಆ ಸಾಲು ನಡೆಯದೆ ಹೋಗುತ್ತದೆ; ಚಲಕದಲ್ಲಿ ಆರನೆಯ ವಿದ್ಯಾರ್ಥಿಯ ಅಂಕ ಹಾಗೆಯೇ ಉಳಿದಿರುತ್ತದೆ. ಮುಂದಿನ ಸಾಲು ಅದನ್ನೇ ಏಳನೆಯವನಿಗೆ ಬರೆಯುತ್ತದೆ! ಪರೀಕ್ಷೆಗೆ ಬಾರದವನಿಗೆ ಪಕ್ಕದವನ ಅಂಕ. ಸೊನ್ನೆ ಬಂದಿದ್ದರೆ ಯಾರಾದರೂ ಗಮನಿಸುತ್ತಿದ್ದರು. 41 ಎಂಬ ಸಭ್ಯ ಅಂಕಿಯನ್ನು ಯಾರು ಅನುಮಾನಿಸುತ್ತಾರೆ?

ಹಾಳೆಯ ಸೂತ್ರಗಳೂ ಈ ವಿಷಯದಲ್ಲಿ ಪೂರ್ತಿ ಪ್ರಾಮಾಣಿಕವಲ್ಲ. ಎರಡು ಕೋಶಗಳನ್ನು ಕೂಡಿಸುವ ಚಿಹ್ನೆಯಿಂದ ಕೂಡಿಸಿದರೆ “ಗೈರು” ಎಂಬ ಪದ ದೋಷಸೂಚನೆ ತರುತ್ತದೆ. ಆದರೆ ಆವರೇಜ್ ಫಲನಕ್ಕೆ ಅದೇ ಕೋಶಗಳ ವ್ಯಾಪ್ತಿ ಕೊಟ್ಟರೆ ಪದವನ್ನು ಕಡೆಗಣಿಸಿ, ಉಳಿದ ಒಂದೇ ಅಂಕವನ್ನು ಸರಾಸರಿ ಎಂದು ಕೊಡುತ್ತದೆ. ಒಂದು ಪರೀಕ್ಷೆಯಲ್ಲಿ 40 ಪಡೆದು ಇನ್ನೊಂದಕ್ಕೆ ಬಾರದವನ ಸರಾಸರಿ 20 ಅಲ್ಲ, 40. ಯಾವುದು ಸರಿ ಎಂಬುದು ನಿಮ್ಮ ಕಾಲೇಜಿನ ನಿಯಮ ನಿರ್ಧರಿಸಬೇಕಾದ ವಿಷಯ, ತಂತ್ರಾಂಶ ಬರೆದವರದ್ದಲ್ಲ.

ಹಿಂದಕ್ಕೆ ಹೋಗುವ ದಾರಿಯ ಬಗ್ಗೆಯೂ ಹೇಳಬೇಕು. ಕೈಯಿಂದ ಮಾಡಿದ ತಪ್ಪನ್ನು ಅಳಿಸಲು ನಾವೆಲ್ಲ ಕಂಟ್ರೋಲ್-ಜೆಡ್ ಒತ್ತುತ್ತೇವೆ. ಎಕ್ಸೆಲ್‌ನಲ್ಲಿ ಮ್ಯಾಕ್ರೊ ಒಂದು ಹಾಳೆಯನ್ನು ಬದಲಿಸಿದೊಡನೆ ಆ ಹಿಂದಿನ ಹೆಜ್ಜೆಗಳ ಪಟ್ಟಿಯೇ ಖಾಲಿಯಾಗುತ್ತದೆ. ಮ್ಯಾಕ್ರೊ ಮಾಡಿದ್ದನ್ನು ಮಾತ್ರವಲ್ಲ, ಅದಕ್ಕೂ ಮೊದಲು ನೀವು ಮಾಡಿದ್ದನ್ನೂ ಹಿಂತೆಗೆಯಲಾಗದು. ಅತ್ಯಂತ ವೇಗವಾಗಿ ಅತ್ಯಂತ ಹೆಚ್ಚು ಕೋಶಗಳನ್ನು ಬದಲಿಸುವ ಸಾಧನಕ್ಕೇ ಹಿಮ್ಮುಖ ಚಲನೆ ಇಲ್ಲ.

ಹೊರಗಿನಿಂದ ತಿದ್ದುವಾಗ

ಪೈಥಾನ್ ಬಳಸಿದರೆ ಈ ತಾಪತ್ರಯ ಇಲ್ಲ ಎನ್ನುವ ಕಿರಿಯ ಮಿತ್ರರಿದ್ದಾರೆ. ಭಾಗಶಃ ಒಪ್ಪುತ್ತೇನೆ. ಆದರೆ ಎಕ್ಸ್‌ಎಲ್‌ಎಸ್‌ಎಕ್ಸ್ ಕಡತದೊಳಗೆ ಏನಿದೆ ಎಂಬುದನ್ನು ವಿದ್ಯಾರ್ಥಿಗಳಿಗೆ ಒಮ್ಮೆ ತೋರಿಸಿ. ಅದು ಒಂದು ಜಿಪ್ ಪೊಟ್ಟಣ. ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ಬಿಚ್ಚಿದರೆ ಒಳಗೆ ಎಕ್ಸ್‌ಎಂಎಲ್ ಪಠ್ಯಕಡತಗಳು ಕಾಣುತ್ತವೆ. ಸೂತ್ರವಿರುವ ಪ್ರತಿ ಕೋಶಕ್ಕೂ ಅಲ್ಲಿ ಎರಡು ಸಂಗತಿಗಳಿರುತ್ತವೆ: ಸೂತ್ರ, ಮತ್ತು ಎಕ್ಸೆಲ್ ಕೊನೆಯ ಬಾರಿ ಲೆಕ್ಕ ಹಾಕಿದಾಗ ಬಂದ ಬೆಲೆ. ಓಪನ್‌ಪೈಎಕ್ಸ್‌ಎಲ್ ಕಡತವನ್ನು ಓದಬಲ್ಲದು, ಬರೆಯಬಲ್ಲದು. ಲೆಕ್ಕ ಹಾಕುವುದು ಅದರ ಕೆಲಸವಲ್ಲ. ಅದು ಸಾಮಾನ್ಯವಾಗಿ ಸೂತ್ರವನ್ನು ಓದುತ್ತದೆ. “ಬೆಲೆ ಮಾತ್ರ” ಎಂಬ ಆಯ್ಕೆ ಕೊಟ್ಟರೆ ಉಳಿಸಿಟ್ಟ ಹಳೆಯ ಬೆಲೆಯನ್ನು ಓದುತ್ತದೆ. ನೀವು ಒಂದು ಅಂಕವನ್ನು ಸ್ಕ್ರಿಪ್ಟ್‌ನಿಂದ ತಿದ್ದಿ ಉಳಿಸಿ, ಎಕ್ಸೆಲ್‌ನಲ್ಲಿ ಒಮ್ಮೆ ತೆರೆಯದೆ ಮತ್ತೆ ಸ್ಕ್ರಿಪ್ಟ್‌ನಿಂದಲೇ ಮೊತ್ತ ಕೇಳಿದರೆ ಅಲ್ಲಿ ಏನೂ ಇರುವುದಿಲ್ಲ. “ಬೆಲೆ ಮಾತ್ರ” ಎಂದು ತೆರೆದ ಪುಸ್ತಕವನ್ನು ಅದೇ ಹೆಸರಿನಲ್ಲಿ ಉಳಿಸಿದರಂತೂ ಸೂತ್ರಗಳೆಲ್ಲ ಅಳಿಸಿಹೋಗಿ ಬರೀ ಅಂಕಿಗಳು ನಿಲ್ಲುತ್ತವೆ. ಹಾಳೆ ನೋಡಲು ಮೊದಲಿನಂತೆಯೇ ಇರುತ್ತದೆ, ಆದರೆ ಸತ್ತಿರುತ್ತದೆ. ನಡುವೆ ಒಂದು ಸಾಲು ಸೇರಿಸಿದರೆ ಬೇರೆಡೆಯ ಸೂತ್ರಗಳ ವಿಳಾಸಗಳನ್ನು ಅದು ತಿದ್ದುವುದಿಲ್ಲ. ಹಾಳೆಯ ಮೇಲೆ ಎಳೆದ ಆಕೃತಿಗಳು ಉಳಿಸುವಾಗ ಕಳೆದುಹೋಗುತ್ತವೆ. ಇವೆಲ್ಲ ಅದರ ಕೈಪಿಡಿಯಲ್ಲೇ ಬರೆದಿರುವ ಮಿತಿಗಳು, ಗುಟ್ಟಲ್ಲ. ಓದುವವರು ಕಡಿಮೆ ಅಷ್ಟೆ. ಪಾಂಡಾಸ್‌ನ ಓದುವ ಫಲನಕ್ಕೆ “ಎನ್‌ಎ” ಎಂಬ ಎರಡಕ್ಷರ ಕಂಡರೆ ಅದು ಖಾಲಿ ಮಾಹಿತಿ. ಸರಾಸರಿ ತೆಗೆಯುವಾಗ ಅದನ್ನು ಬಿಟ್ಟುಬಿಡುತ್ತದೆ. ನಿಮ್ಮ ಪಟ್ಟಿಯಲ್ಲಿ ಅದು ಯಾರದೋ ಇನಿಷಿಯಲ್ ಆಗಿದ್ದರೂ ಅಷ್ಟೆ.

ಇನ್ನು ಪೈಥಾನ್ ಪರವಾಗಿ ಒಂದು ಮುಖ್ಯ ಮಾತು. ಅದನ್ನು ಹೇಳಲು ಜೀವಶಾಸ್ತ್ರದ ಕತೆಯೊಂದನ್ನು ತರಬೇಕು. ಸೆಪ್ಟಿನ್ ಕುಟುಂಬದ ಜೀನುಗಳಿಗೆ “ಸೆಪ್ಟ್2”ರಂಥ ಸಂಕ್ಷಿಪ್ತ ಹೆಸರುಗಳಿದ್ದವು. ಇನ್ನೊಂದು ಕುಟುಂಬಕ್ಕೆ “ಮಾರ್ಚ್1” ಮೊದಲಾದವು. ಎಕ್ಸೆಲ್ ಇವನ್ನು ತಾರೀಖುಗಳೆಂದು ಭಾವಿಸಿ ಸೆಪ್ಟೆಂಬರ್ 2, ಮಾರ್ಚ್ 1 ಎಂದು ಬದಲಿಸುತ್ತಿತ್ತು. “2310009ಇ13” ಎಂಬ ಮಾದರಿಯ ಗುರುತುಸಂಖ್ಯೆ ಹತ್ತರ ಘಾತದ ಬೃಹತ್ ಸಂಖ್ಯೆಯಾಗುತ್ತಿತ್ತು. 2004ರಲ್ಲೇ ಬಿಎಂಸಿ ಬಯೊಇನ್ಫರ್ಮ್ಯಾಟಿಕ್ಸ್ ಪತ್ರಿಕೆಯಲ್ಲಿ ಜೀಬರ್ಗ್ ಮತ್ತು ಸಂಗಡಿಗರು ಎಚ್ಚರಿಸಿದರು. 2016ರಲ್ಲಿ ಆಸ್ಟ್ರೇಲಿಯಾದ ಜೀಮನ್, ಎರೆನ್, ಎಲ್-ಒಸ್ಟಾ ಎಂಬ ಮೂವರು 18 ಪತ್ರಿಕೆಗಳ ಪೂರಕ ಕಡತಗಳನ್ನು ಸ್ಕ್ರಿಪ್ಟ್‌ಗಳಿಂದಲೇ ಜರಡಿ ಹಿಡಿದರು. ಎಕ್ಸೆಲ್ ಜೀನ್‌ಪಟ್ಟಿ ಲಗತ್ತಿಸಿದ್ದ 3,597 ಪ್ರಬಂಧಗಳಲ್ಲಿ 704ರಲ್ಲಿ, ಅಂದರೆ ಐದರಲ್ಲಿ ಒಂದರಲ್ಲಿ, ಹೆಸರುಗಳು ಕೆಟ್ಟಿದ್ದವು. 2021ರ ಇನ್ನೂ ದೊಡ್ಡ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇಕಡ 30ರಷ್ಟು ಎಂದು ಕಂಡಿತು. ಕೊನೆಗೆ ಸೋತದ್ದು ಜೀವಶಾಸ್ತ್ರ: 2020ರಲ್ಲಿ ಜೀನ್ ನಾಮಕರಣ ಸಮಿತಿ ಜೀನುಗಳ ಹೆಸರನ್ನೇ ಬದಲಿಸಿ “ಸೆಪ್ಟಿನ್2”, “ಮಾರ್ಚ್‌ಎಫ್1” ಎಂದು ಮಾಡಿದ ಕ್ರಮವನ್ನು ಪ್ರಕಟಿಸಿತು. ತಾನಾಗಿ ರೂಪಾಂತರಿಸುವುದನ್ನು ನಿಲ್ಲಿಸುವ ಆಯ್ಕೆಯನ್ನು ಮೈಕ್ರೊಸಾಫ್ಟ್ ಎಲ್ಲರಿಗೂ ಒದಗಿಸಿದ್ದು 2023ರಲ್ಲಿ.

ಭೌತಶಾಸ್ತ್ರದವನಿಗೆ ಇಲ್ಲಿ ಕುತೂಹಲಕರವಾದದ್ದು ಅವ್ಯುತ್ಕ್ರಮತೆ. “ಮಾರ್ಚ್1” ಮತ್ತು “ಮಾರ್ಕ್1” ಎಂಬುವು ಎರಡು ಬೇರೆ ಜೀನುಗಳು. ಇಂಗ್ಲಿಷ್ ಕಾಗುಣಿತದಲ್ಲಿ ಎರಡನೆಯದರ ಮೊದಲ ಮೂರು ಅಕ್ಷರಗಳೂ ಮಾರ್ಚ್ ತಿಂಗಳಿನವೇ ಆದ್ದರಿಂದ ಎರಡೂ ಮಾರ್ಚ್ 1 ಎಂಬ ಒಂದೇ ತಾರೀಖಾಗುತ್ತವೆ. ತಾರೀಖು ಎಂದರೂ ಕೋಶದೊಳಗೆ ಇರುವುದು ದಿನಗಳ ಎಣಿಕೆ ಮಾತ್ರ. ಅದರಿಂದ ಮೂಲ ಹೆಸರಿಗೆ ಹಿಂದಿರುಗುವ ದಾರಿಯೇ ಇಲ್ಲ. (ಆ ಎಣಿಕೆಯಲ್ಲೂ ಒಂದು ತಮಾಷೆ ಇದೆ. ಲೋಟಸ್‌ಗೆ ಹೊಂದಿಕೊಳ್ಳಲೆಂದು ಎಕ್ಸೆಲ್ 1900ನ್ನು ಅಧಿಕ ವರ್ಷವೆಂದು ಎಣಿಸುತ್ತದೆ. ಇಲ್ಲದ 1900ರ ಫೆಬ್ರವರಿ 29 ಅಲ್ಲಿ 60ನೆಯ ದಿನ. ಗ್ರೆಗೋರಿಯನ್ ಪಂಚಾಂಗದ ಪಾಠಕ್ಕೆ ಒಳ್ಳೆಯ ಉದಾಹರಣೆ.) ವಿಬಿಎಯಿಂದ “ಸೆಪ್ಟ್2” ಎಂಬ ಪದವನ್ನು ಸಾಮಾನ್ಯ ಕೋಶಕ್ಕೆ ಬರೆದರೂ ಎಕ್ಸೆಲ್ ಅದನ್ನು ತಾರೀಖಾಗಿಸುತ್ತದೆ. ಓಪನ್‌ಪೈಎಕ್ಸ್‌ಎಲ್ ಪದವನ್ನು ಪದವಾಗಿಯೇ ಇಡುತ್ತದೆ. ಗೂಗಲ್ ಶೀಟ್ಸ್‌ಗೆ ಹೊರಗಿನಿಂದ ಬರೆಯುವ ವ್ಯವಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೊಟ್ಟದ್ದನ್ನು ಹಾಗೆಯೇ ಇಡಬೇಕೋ ಅಥವಾ ಮನುಷ್ಯ ಕೀಲಿಮಣೆಯಲ್ಲಿ ಒತ್ತಿದಂತೆ ಅರ್ಥೈಸಬೇಕೋ ಎಂದು ಬರೆಯುವವರನ್ನೇ ಕೇಳುತ್ತದೆ. ನಾನು ನೋಡಿದ ವಿನ್ಯಾಸಗಳಲ್ಲಿ ಇದೇ ಅತ್ಯಂತ ಪ್ರಾಮಾಣಿಕವಾದದ್ದು. ಕೇಳಿದರೆ ಸಾಕು, ಅರ್ಧ ತಪ್ಪು ಅಲ್ಲೇ ನಿಲ್ಲುತ್ತದೆ.

ಜೀವದ ಪ್ರಶ್ನೆಯಾದಾಗ

ಅಂಕಪಟ್ಟಿ, ಜೀನ್‌ಪಟ್ಟಿಗಳನ್ನು ಮತ್ತೆ ಮುದ್ರಿಸಬಹುದು. 2020ರಲ್ಲಿ ಇಂಗ್ಲೆಂಡಿನಲ್ಲಿ ಆದದ್ದು ಬೇರೆ. ಕೋವಿಡ್ ಪರೀಕ್ಷೆಯ ಫಲಿತಾಂಶಗಳು ಪ್ರಯೋಗಾಲಯಗಳಿಂದ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪಠ್ಯಕಡತಗಳಾಗಿ ಬರುತ್ತಿದ್ದವು. ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಸಂಸ್ಥೆ ಅವನ್ನು ಎಕ್ಸೆಲ್ ಮಾದರಿ ಹಾಳೆಗಳಿಗೆ ತಾನಾಗಿ ತುಂಬುವ ವ್ಯವಸ್ಥೆ ಮಾಡಿಕೊಂಡಿತ್ತು. ಆರಿಸಿಕೊಂಡದ್ದು ಹಳೆಯ ಎಕ್ಸ್‌ಎಲ್‌ಎಸ್ ನಮೂನೆ. ಅದರಲ್ಲಿ ಒಂದು ಹಾಳೆಗೆ 65,536 ಸಾಲುಗಳೇ ಮಿತಿ, ಅಂದರೆ 2ರ 16ನೆಯ ಘಾತ. 2007ರಿಂದಾಚೆಗಿನ ನಮೂನೆಯಲ್ಲಿ ಇದು 10,48,576. ಒಬ್ಬ ರೋಗಿಗೆ ಹಲವು ಸಾಲುಗಳು ಬೇಕಿದ್ದುದರಿಂದ ಒಂದು ಹಾಳೆ ಸುಮಾರು 1,400 ಪ್ರಕರಣಗಳಿಗೇ ತುಂಬಿಹೋಗುತ್ತಿತ್ತು. ಮಿಕ್ಕವು ಬಿದ್ದುಹೋದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಸೋಂಕಿತರು ದಿನದ ಲೆಕ್ಕದಿಂದ ಹೊರಗುಳಿದರು. ಅವರಿಗೆ ಫಲಿತಾಂಶ ತಲುಪಿತ್ತು. ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸಕ್ಕೆ ಅವರ ಹೆಸರು ಹೋಗಲೇ ಇಲ್ಲ, ಹೋದಾಗ ದಿನಗಳು ಕಳೆದಿದ್ದವು. ಸೋಂಕು ಹರಡುವ ರೋಗದಲ್ಲಿ ಒಂದು ವಾರ ಎಂದರೇನೆಂದು ನಮಗೆಲ್ಲ ಗೊತ್ತು. ಯಾರೂ ತಪ್ಪು ಸೂತ್ರ ಬರೆದಿರಲಿಲ್ಲ. ಒಳಗೆ ಹೋದ ಸಾಲುಗಳೆಷ್ಟು, ಹೊರಬಂದವೆಷ್ಟು ಎಂದು ಎಣಿಸಿ ಹೋಲಿಸುವ ಒಂದೇ ಒಂದು ಸಾಲು ಇದ್ದಿದ್ದರೆ ಮೊದಲ ದಿನವೇ ಗಂಟೆ ಬಾರಿಸುತ್ತಿತ್ತು.

ಸ್ಪ್ರೆಡ್‌ಶೀಟ್ ತಪ್ಪುಗಳ ಮಾತು ಬಂದಾಗ ಹಾರ್ವರ್ಡ್‌ನ ರೈನ್‌ಹಾರ್ಟ್ ಮತ್ತು ರೊಗಾಫ್ ಅವರ 2010ರ ಅರ್ಥಶಾಸ್ತ್ರ ಪ್ರಬಂಧವನ್ನು ಎಲ್ಲರೂ ಎತ್ತುತ್ತಾರೆ. 49ನೆಯ ಸಾಲಿನವರೆಗೆ ಹೋಗಬೇಕಿದ್ದ ಸರಾಸರಿ 44ರಲ್ಲೇ ನಿಂತು ಐದು ದೇಶಗಳು ಬಿಟ್ಟುಹೋದದ್ದು ನಿಜ. 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ತರಗತಿಯ ಅಭ್ಯಾಸಕ್ಕಾಗಿ ಅದೇ ಲೆಕ್ಕ ಮಾಡಹೋಗಿ ಇದನ್ನು ಕಂಡುಹಿಡಿದದ್ದೂ ನಿಜ. ಆದರೆ ಇಡೀ ತೀರ್ಮಾನ ಬಿದ್ದದ್ದು ಒಂದು ಕೋಶದಿಂದ ಎಂಬುದು ಉತ್ಪ್ರೇಕ್ಷೆ. ದೇಶಗಳಿಗೆ ಕೊಟ್ಟ ತೂಕ ಮತ್ತು ಕೆಲವು ವರ್ಷಗಳ ಮಾಹಿತಿ ಬಿಟ್ಟದ್ದು ಅದಕ್ಕಿಂತ ದೊಡ್ಡ ಕಾರಣಗಳು. ತರಗತಿಯಲ್ಲಿ ಈ ಉದಾಹರಣೆ ಕೊಡುವಾಗ ಇಷ್ಟನ್ನು ಸೇರಿಸಿ ಹೇಳಿ.

ಕನ್ನಡದ ಪಾಡು

ಇಂಗ್ಲಿಷ್ ಪಠ್ಯಗಳಲ್ಲಿ ಸಿಗದ ಒಂದು ತೊಡಕು ನಮಗಿದೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ತಯಾರಾದ, ಹಲವೆಡೆ ಆಮೇಲೂ ಮುಂದುವರಿದ ಎಷ್ಟೋ ಕನ್ನಡ ಹಾಳೆಗಳು ನುಡಿ, ಬರಹಗಳ ಹಳೆಯ ಅಕ್ಷರಶೈಲಿಗಳಲ್ಲಿವೆ. ಕಣ್ಣಿಗೆ ಅದು ಕನ್ನಡ; ಸ್ಕ್ರಿಪ್ಟ್‌ಗೆ ಲ್ಯಾಟಿನ್ ಚಿಹ್ನೆಗಳ ರಾಶಿ. ಅಂಥ ಪಟ್ಟಿಯನ್ನು ಹೆಸರಿನ ಮೇಲೆ ವಿಂಗಡಿಸಿದರೆ ಬರುವುದು ಅಕಾರಾದಿಯಲ್ಲ. ಒಂದು ಹಳೆಯ ಪಟ್ಟಿ, ಒಂದು ಯೂನಿಕೋಡ್ ಪಟ್ಟಿ ಇದ್ದರೆ ಅದೇ ಹೆಸರು ಎರಡರಲ್ಲೂ ಇದ್ದರೂ ತಾಳೆಯಾಗುವುದಿಲ್ಲ. ಯೂನಿಕೋಡ್‌ನಲ್ಲೇ ಇದ್ದರೂ ವಿಬಿಎ ಸಂಪಾದಕದಲ್ಲಿ ಕನ್ನಡ ಪದ ಅಂಟಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಆ ಕಿಟಕಿ ಇನ್ನೂ ಹಳೆಯ ಸಂಕೇತವ್ಯವಸ್ಥೆಯಲ್ಲೇ ಇದೆ. “ಕ” ಬೇಕಾದರೆ 3221 ಎಂಬ ಅದರ ಸಂಕೇತಸಂಖ್ಯೆ ಕೊಟ್ಟು ಕರೆಸಿಕೊಳ್ಳಬೇಕು. ಮೇಲೆ ನಾನು ಕೊಟ್ಟ “ಗೈರು” ಪದವನ್ನು ವಿಬಿಎಯಲ್ಲಿ ನೇರವಾಗಿ ಹೋಲಿಸಿ ನೋಡಲೂ ಆಗದು. ಪೈಥಾನ್‌ನಲ್ಲಿ ಈ ಕಷ್ಟವಿಲ್ಲ. ಆದರೆ ಅದು ಬರೆದುಕೊಟ್ಟ ಯುಟಿಎಫ್-8 ಪಠ್ಯಕಡತದ ತಲೆಯಲ್ಲಿ ಗುರುತಿನ ಚಿಹ್ನೆ ಇಲ್ಲದಿದ್ದರೆ, ಎಕ್ಸೆಲ್‌ನಲ್ಲಿ ಎರಡು ಬಾರಿ ಒತ್ತಿ ತೆರೆದಾಗ ಹೆಸರುಗಳೆಲ್ಲ ಕಲಸುಮೇಲೋಗರ. ಅದನ್ನು ನೋಡಿಯೂ “ಉಳಿಸು” ಒತ್ತಿದವರ ಕಡತಗಳನ್ನು ನಾನು ರಿಪೇರಿ ಮಾಡಿದ್ದೇನೆ. ಕನ್ನಡದಲ್ಲಿ ಕಂಪ್ಯೂಟರ್ ಪಾಠ ಬರೆಯುವವರು ಪರದೆಯ ಚಿತ್ರಗಳಿಗೆ ಕೊಡುವ ಜಾಗದಲ್ಲಿ ಕಾಲು ಭಾಗವನ್ನಾದರೂ ಇದಕ್ಕೆ ಕೊಡಬೇಕು.

ಹಾಗಾದರೆ ಪ್ರಯೋಗಾಲಯದ ಶಿಸ್ತು ಇಲ್ಲಿ ಹೇಗೆ ಬರಬೇಕು? ಹೊಸ ವೋಲ್ಟ್‌ಮಾಪಕ ಬಂದಾಗ ಮೊದಲು ಗೊತ್ತಿರುವ ವಿಭವಾಂತರಕ್ಕೆ ಜೋಡಿಸಿ ನೋಡುತ್ತೇವೆ. ಸ್ಕ್ರಿಪ್ಟ್‌ಗೂ ಉತ್ತರ ಮೊದಲೇ ಗೊತ್ತಿರುವ ಮಾಹಿತಿಯನ್ನು ಕೊಡಿ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಇಂಥ ಮಾಹಿತಿ ಗುಚ್ಛಗಳನ್ನು ಪ್ರಕಟಿಸಿದೆ. ಅದರಲ್ಲಿ ಒಂದರಲ್ಲಿ ಒಂದು ಕೋಟಿಯ ಆಸುಪಾಸಿನ 1001 ಸಂಖ್ಯೆಗಳಿವೆ. ಸರಾಸರಿ 10000000.2, ಮಾನಕ ವಿಚಲನೆ ಸರಿಯಾಗಿ 0.1. 2003ಕ್ಕಿಂತ ಹಿಂದಿನ ಎಕ್ಸೆಲ್‌ಗಳು ಇಂಥ ಪರೀಕ್ಷೆಯಲ್ಲಿ ಎಡವುತ್ತಿದ್ದವು. ಕಾರಣ, ನಾವು ಪ್ರಾಯೋಗಿಕ ಪುಸ್ತಕದಲ್ಲಿ ಬರೆಸುವ ಸುಲಭ ಸೂತ್ರ: ವರ್ಗಗಳ ಮೊತ್ತದಿಂದ, ಮೊತ್ತದ ವರ್ಗವನ್ನು ಸಂಖ್ಯೆಗಳ ಎಣಿಕೆಯಿಂದ ಭಾಗಿಸಿದ್ದನ್ನು ಕಳೆಯುವುದು. ಇಲ್ಲಿ ಎರಡೂ ಪದಗಳು 10ರ 17ನೆಯ ಘಾತದಷ್ಟು ದೊಡ್ಡವು. ಆ ಎತ್ತರದಲ್ಲಿ ಗಣಕ ಗುರುತಿಸಬಲ್ಲ ಅಕ್ಕಪಕ್ಕದ ಸಂಖ್ಯೆಗಳ ನಡುವಿನ ಅಂತರವೇ 16. ನಮಗೆ ಬೇಕಾದ ವ್ಯತ್ಯಾಸ 10 ಮಾತ್ರ. ಮೀಟರ್‌ಪಟ್ಟಿಯಿಂದ ಕೂದಲಿನ ದಪ್ಪ ಅಳೆದಂತೆ. ಎಕ್ಸೆಲ್ ತಿದ್ದಿಕೊಂಡಿದೆ. ನಿಮ್ಮ ವಿದ್ಯಾರ್ಥಿ ಇಂದು ಆ ಸೂತ್ರವನ್ನೇ ಸ್ಕ್ರಿಪ್ಟ್‌ನಲ್ಲಿ ಬರೆದರೆ ಅದೇ ಹಳ್ಳಕ್ಕೆ ಬೀಳುತ್ತಾನೆ. ಮೊದಲು ಸರಾಸರಿ ತೆಗೆದು, ಆಮೇಲೆ ವಿಚಲನೆಗಳನ್ನು ವರ್ಗಿಸಿ ಕೂಡಿಸಿದರೆ ಉತ್ತರ ಸರಿಬರುತ್ತದೆ. ಒಂದು ಗಂಟೆಯ ಪ್ರಯೋಗಕ್ಕೆ ಇದು ತಕ್ಕ ವಿಷಯ, ಮಾಡಿಸಿ ನೋಡಿ.

ಎರಡನೆಯದು ಸಂರಕ್ಷಣಾ ನಿಯಮ. ತಿದ್ದುವ ಮೊದಲು ಸಾಲುಗಳ ಸಂಖ್ಯೆ, ಅಂಕಗಳ ಮೊತ್ತ, ಗೈರುಹಾಜರಾದವರ ಸಂಖ್ಯೆ ಎಷ್ಟಿದ್ದವು, ಆಮೇಲೆ ಎಷ್ಟಿವೆ? ಬದಲಾಗಬಾರದ್ದು ಬದಲಾಗಿದ್ದರೆ ಸ್ಕ್ರಿಪ್ಟ್ ತಾನೇ ನಿಲ್ಲಬೇಕು, ಕೂಗಬೇಕು. ಮೂಲ ಹಾಳೆಯ ಮೇಲೆ ಅದು ಎಂದೂ ಬರೆಯಕೂಡದು. ಓದುವುದು ಒಂದು ಕಡತ, ಬರೆಯುವುದು ಇನ್ನೊಂದು. ಈಗಂತೂ ಸಂಭಾಷಣಾ ತಂತ್ರಾಂಶಗಳನ್ನು ಕನ್ನಡದಲ್ಲೇ ಕೇಳಿದರೂ ಇಪ್ಪತ್ತು ಸಾಲಿನ ಸ್ಕ್ರಿಪ್ಟ್ ಕ್ಷಣದಲ್ಲಿ ಕೊಡುತ್ತವೆ. ಬರೆಯುವ ಶ್ರಮ ಇಲ್ಲವಾದ ಮೇಲೆ ಪರೀಕ್ಷಿಸುವ ಶ್ರಮ ಮಾತ್ರ ನಮ್ಮ ಪಾಲಿಗೆ ಉಳಿದಿದೆ. ನಿಮ್ಮ ಕಾಲೇಜಿನಲ್ಲಿ ಅರ್ಧ ಅಂಕ ಎತ್ತ ಹೋಗಬೇಕೆಂಬುದು ನೀವು ಹೇಳದ ಹೊರತು ಅವಕ್ಕೂ ಗೊತ್ತಿರದು.

ಆ ವಿದ್ಯಾರ್ಥಿನಿಯ ವಿಷಯ ಹೇಳಿ ಮುಗಿಸುತ್ತೇನೆ. ಮರುದಿನ ಪಟ್ಟಿಯನ್ನು ಹಿಂತೆಗೆದುಕೊಂಡು, ತಪ್ಪು ನನ್ನದೆಂದು ಬರೆದು, ತಿದ್ದಿದ ಪಟ್ಟಿ ಅಂಟಿಸಿದೆವು. ಆಕೆ ಪರೀಕ್ಷೆಗೆ ಕುಳಿತಳು. ಅಂದಿನಿಂದ ನಮ್ಮ ಹಾಳೆಯ ಮೊದಲ ಐದು ಸಾಲುಗಳಲ್ಲಿ ಐದು ಕಾಲ್ಪನಿಕ ವಿದ್ಯಾರ್ಥಿಗಳಿರುತ್ತಿದ್ದರು: ಒಬ್ಬನಿಗೆ 33 ಮತ್ತು 36, ಒಬ್ಬನಿಗೆ 35 ಮತ್ತು 36, ಒಬ್ಬ ಒಂದು ಪರೀಕ್ಷೆಗೆ ಗೈರು, ಒಬ್ಬ ಎರಡಕ್ಕೂ ಗೈರು, ಇನ್ನೊಬ್ಬನ ನೋಂದಣಿ ಸಂಖ್ಯೆ ಸೊನ್ನೆಯಿಂದ ಆರಂಭ. ಇವರ ಫಲಿತಾಂಶ ಸರಿಬಂದರೆ ಮಾತ್ರ ಸ್ಕ್ರಿಪ್ಟ್ ಮುಂದಕ್ಕೆ ಹೋಗುತ್ತಿತ್ತು. ಒಂದು ವರ್ಷ ಹೊಸದಾಗಿ ಸೇರಿದ ಅಧ್ಯಾಪಕರೊಬ್ಬರು, ಇವರು ಯಾರೂ ತರಗತಿಯಲ್ಲಿ ಕಾಣುವುದಿಲ್ಲವಲ್ಲ ಎಂದು ಐವರನ್ನೂ ಅಳಿಸಿಬಿಟ್ಟರು. ಸ್ಕ್ರಿಪ್ಟ್ ನಡೆಯಲು ಒಪ್ಪಲಿಲ್ಲ. ಅವರು ದೂರು ಹೇಳಲು ನನ್ನ ಬಳಿ ಬಂದಾಗ ನಾನು ಚಹಾ ತರಿಸಿದೆ.